ಆರು ವಾರದ ಪಥ್ಯ

ಗಾಜಣ್ಣನಿಗೆ ಸೀನು ಬಂತೆಂದರೆ ಇಡೀ ಮನೆ ಎದ್ದು ನಿಲ್ಲುತ್ತಿತ್ತು. ಮೂಗು ಸ್ವಲ್ಪ ಅರಳಿ ಕಣ್ಣು ಅರ್ಧ ಮುಚ್ಚಿದ್ದು ಕಂಡರೆ ಸಾಕು, ಅಡುಗೆಮನೆಯಿಂದ ಅತ್ತಿಗೆ, ಹೊರಗಿನ ಕುರ್ಚಿಯಿಂದ ಅಣ್ಣ, ಓದುವ ಕೋಣೆಯಿಂದ ಅಣ್ಣನ ಮಗಳು, ಮೂವರೂ ಒಂದೇ ಉಸಿರಿಗೆ "ಬಾಯಿ ತೆರಿ! ಬಾಯಿ ತೆರಿ!" ಎಂದು ಕೂಗುತ್ತಿದ್ದರು. ಅವನು ಬಾಯಿ ಅಗಲಿಸಿ, ತಲೆ ಮುಂದೆ ಬಾಗಿಸಿ, ಮೂಗಿನಲ್ಲಿ ಗಾಳಿ ನುಗ್ಗದ ಹಾಗೆ ಸೀನಬೇಕು. ಆಮೇಲೆ ಅಣ್ಣ ಬಂದು ಅವನ ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿ, ನಾಲ್ಕು ಸಲ ನೋಡಿ, "ಏನೂ ಆಗಿಲ್ಲ" ಎಂದು ತೀರ್ಪು ಕೊಡಬೇಕು. ಅಲ್ಲಿಯವರೆಗೆ ಒಲೆಯ ಮೇಲಿನದು ಸೀದರೂ ಸರಿಯೇ. ಗಾಜಣ್ಣನಿಗೆ ಆಗ ನಲವತ್ತಮೂರು ವರ್ಷ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಇಷ್ಟೆಲ್ಲ ರಾಜೋಪಚಾರಕ್ಕೆ ಕಾರಣ ಅವನ ಮುಖದೊಳಗಿದ್ದ ಎರಡು ಪುಟ್ಟ ಲೋಹದ ಪ್ಲೇಟುಗಳು. ಒಂದು ಎಡಹುಬ್ಬಿನ ಹೊರತುದಿಯಲ್ಲಿ, ಇನ್ನೊಂದು ಅದೇ ಕಣ್ಣಿನ ಕೆಳಗೆ, ಗುಳಿಯ ಅಂಚಿನಲ್ಲಿ. ಒಂದೊಂದಕ್ಕೂ ನಾಲ್ಕು ಸ್ಕ್ರೂ, ಅಕ್ಕಿಕಾಳಿಗಿಂತ ಸಣ್ಣವು. ಹತ್ತೊಂಬತ್ತು ವರ್ಷದ ಹಿಂದೆ ಕೆನ್ನೆಮೂಳೆ ಒಡೆದಾಗ ಜೋಡಿಸಿ ಬಿಗಿದದ್ದು. ಕಣ್ಣಿನ ಕೆಳಗಿನ ಪ್ಲೇಟು ಬೆರಳಿಗೆ ಸಿಗುತ್ತಿತ್ತು. ಚಳಿ ಬಿದ್ದ ದಿನ ಮುಖದಲ್ಲಿ ಮೊದಲು ತಣ್ಣಗಾಗುತ್ತಿದ್ದ ಜಾಗ ಅದು, ಆಮೇಲೆ ಹಲ್ಲುನೋವಿನ ಹಾಗೆ ಜಗ್ಗುತ್ತಿತ್ತು. ಅಲ್ಲಿಂದ ಮೇಲ್ತುಟಿಯವರೆಗೆ ಎರಡು ಬೆರಳಗಲದ ಚರ್ಮ ಮರಗಟ್ಟಿಹೋಗಿತ್ತು. ಊಟ ಮಾಡುವಾಗ ಅಲ್ಲೇನಾದರೂ ಅಂಟಿದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ, ಅತ್ತಿಗೆ ತನ್ನ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದಳು.

ಮೂಳೆ ಒಡೆದದ್ದು ಅಣ್ಣನ ಅಂಗಡಿಯಲ್ಲಿ. ಅಣ್ಣನದು ಸುಟ್ಟ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ. ತಮ್ಮ ಆ ಕಾಲಕ್ಕೆ ಹೈಟೆನ್ಷನ್ ಲೈನಿನ ಟವರ್ ಹತ್ತುವ ಗ್ಯಾಂಗಿನಲ್ಲಿದ್ದ. ಇಪ್ಪತ್ತನಾಲ್ಕು ವರ್ಷ, ಬೆನ್ನಿಗೆ ಹಗ್ಗದ ಸುರುಳಿ, ಕಾಲಡಿ ಅರವತ್ತು ಮೀಟರ್ ಗಾಳಿ. ರಜೆಗೆಂದು ಬಂದವನು ಸುಮ್ಮನಿರಲಾರದೆ, ಅಂಗಡಿಯಲ್ಲಿ ದೊಡ್ಡದೊಂದು ಪಂಪಿನ ಮೋಟರ್ ಎತ್ತಲು ಕೈ ಕೊಟ್ಟ. ಮೇಲಿನ ಕಬ್ಬಿಣದ ತೊಲೆಗೆ ಕಟ್ಟಿದ ಸರಪಳಿ ರಾಟೆ. ಎಳೆಯುತ್ತಿದ್ದವನು ಅಣ್ಣ. ಬಾಗಿಲಲ್ಲಿ ಒಬ್ಬ ಗಿರಾಕಿ ನಿಂತು "ನಮ್ದು ಆಯ್ತಾ?" ಎಂದ. ಉತ್ತರ ಕೊಡಲು ಅಣ್ಣ ತಿರುಗಿದ, ಕೈಯ ಸರಪಳಿ ಸಡಿಲವಾಯಿತು, ಮೋಟರ್ ಹಲಗೆಯ ಮೇಲೆ ದಬಕ್ಕನೆ ಕೂತಿತು, ತಪ್ಪಿಸಿಕೊಂಡ ಖಾಲಿ ಕೊಕ್ಕೆ ಬೀಸಿಬಂದು ತಮ್ಮನ ಕೆನ್ನೆಗೆ ಬಡಿಯಿತು. ಗಿರಾಕಿಯ ಮೋಟರ್ ಅವತ್ತು ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅಣ್ಣ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ. "ಬೈಯೋ ನನ್ನ, ಬಾಯಿಗೆ ಬಂದ ಹಾಗೆ ಬೈಯಿ" ಎಂದ. ತಮ್ಮ ಕಟ್ಟಿದ ದವಡೆಯ ಸಂದಿಯಿಂದಲೇ, "ಬಿಡಣ್ಣ, ಬೇಕಂತ ಮಾಡಿದ್ಯಾ?" ಎಂದ. ಎಲ್ಲರೂ ಅವನ ದೊಡ್ಡ ಗುಣವನ್ನು ಹೊಗಳಿದರು. ನನ್ನನ್ನು ಕೇಳಿದರೆ, ಆ ಕ್ಷಣಕ್ಕೆ ಎರಡು ಬೈದು, ಸಾಧ್ಯವಾದರೆ ಒಂದು ಏಟು ಕೊಟ್ಟಿದ್ದರೆ ಇಬ್ಬರ ಬಾಳೂ ನೆಟ್ಟಗಿರುತ್ತಿತ್ತು.

ಆಪರೇಷನ್ ಮಾಡಿದ ಡಾಕ್ಟರು ಆರು ವಾರದ ಪಥ್ಯ ಹೇಳಿದ್ದರು. ಮೆತ್ತಗಿನ ಊಟ, ಭಾರ ಎತ್ತಬಾರದು, ಬಾಯಿ ತೆರೆದೇ ಸೀನಬೇಕು, ಎಡಮಗ್ಗುಲಿಗೆ ಮಲಗಬಾರದು. ಮೂರನೇ ತಿಂಗಳು ಮತ್ತೆ ತೋರಿಸಲು ಹೋದಾಗ ತಮ್ಮನನ್ನು ಕಣ್ಣು ಪರೀಕ್ಷೆಗೆಂದು ಬೇರೆ ಕೋಣೆಗೆ ಕಳಿಸಿದರು. ಎಕ್ಸ್‌ರೇ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದವನು ಅಣ್ಣ. ಹೊರಗೆ ಬಂದು ತಮ್ಮನ ಹೆಗಲ ಮೇಲೆ ಕೈ ಹಾಕಿ, "ಜೀವಮಾನ ಪೂರ್ತಿ ಹೀಗೇ ಇರ್ಬೇಕಂತೆ. ನಿನ್ನ ಮುಖ ನಿಂತಿರೋದೇ ಆ ಪ್ಲೇಟಿನ ಮೇಲಂತೆ. ಟವರ್ ಗಿವರ್ ಮರ್ತುಬಿಡು. ನಾನಿದ್ದೀನಿ" ಎಂದ.

ಅಣ್ಣ ಇದ್ದ. ಹತ್ತೊಂಬತ್ತು ವರ್ಷವೂ ಇದ್ದ. ಬೀದಿಯಲ್ಲಿ ನಡೆದರೆ ಎಡಗಡೆ ಅಣ್ಣ, ಬಸ್ಸಿನಲ್ಲಿ ಕೂತರೆ ಎಡಗಡೆ ಅಣ್ಣ, ಯಾರ ಮೊಣಕೈಯೂ ಆ ಕೆನ್ನೆಗೆ ತಾಗಬಾರದೆಂದು. ಅತ್ತಿಗೆ ಅವನ ಅನ್ನವನ್ನು ಬೇರೆ ಪಾತ್ರೆಯಲ್ಲಿ ಮೆತ್ತಗೆ ಬೇಯಿಸಿದಳು, ತರಕಾರಿ ಹಿಸುಕಿದಳು, ಸೇಬನ್ನು ಕೂಡ ಬೇಯಿಸಿ ಚಮಚ ಹಾಕಿ ಕೊಟ್ಟಳು. ಬೇಯಿಸಿದ ಸೇಬಿಗೆ ಯಾವ ರುಚಿಯೂ ಇಲ್ಲವೆಂದು ಒಮ್ಮೆ ಅಂದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವನು ಸೇಬಿನ ಮಾತೆತ್ತಲಿಲ್ಲ. ಮದುವೆಯ ಮಾತುಕತೆಗೆ ಬಂದವರೆದುರು ಅಣ್ಣ ಪ್ರಾಮಾಣಿಕವಾಗಿ ಎಲ್ಲವನ್ನೂ ಹೇಳುತ್ತಿದ್ದ, ಸ್ವಲ್ಪ ಉಪ್ಪು ಖಾರ ಸೇರಿಸಿಯೇ. "ಜೋರಾಗಿ ನಕ್ಕರೂ ಅಪಾಯ" ಎಂದು ಅವನು ಹೇಳಿದ ಮೇಲೆ ಹೆಣ್ಣಿನ ಕಡೆಯವರು ಬೇಗ ಬೇಗ ನೀರು ಕುಡಿದು ಎದ್ದುಹೋಗುತ್ತಿದ್ದರು. ಅಂಗಡಿಯ ಸಾಲಿನವರು ಇದನ್ನೆಲ್ಲ ನೋಡಿ ನೋಡಿ ಅವನಿಗೆ ಗಾಜಣ್ಣ ಎಂದು ಹೆಸರಿಟ್ಟರು. ಪಾರ್ಸೆಲ್ ಡಬ್ಬದ ಮೇಲೆ 'ಗಾಜು, ಜೋಪಾನ' ಎಂದು ಬರೆದಿರುತ್ತದಲ್ಲ, ಹಾಗೆ. ಕೊನೆಗೆ ಮನೆಯವರೂ ಹಾಗೇ ಕರೆಯತೊಡಗಿದರು.

ಅಂಗಡಿಯಲ್ಲಿ ಅವನ ಕೆಲಸ ಒಂದು ಸ್ಟೂಲಿನ ಮೇಲೆ ಕೂತು, ಕೈಮೆಷಿನ್ನಿನ ಹಿಡಿಕೆ ತಿರುಗಿಸಿ ಮರದ ಅಚ್ಚಿಗೆ ತಂತಿ ಸುತ್ತುವುದು. ಈ ಕೆಲಸದಲ್ಲಿ ಎಣಿಕೆಯೇ ಜೀವ. ಒಂದು ಸುರುಳಿಗೆ ಎಪ್ಪತ್ತೆರಡು ಸುತ್ತು ಎಂದರೆ ಎಪ್ಪತ್ತೆರಡೇ. ಒಂದು ಹೆಚ್ಚುಕಡಿಮೆಯಾದರೂ ಮೋಟರ್ ಬಿಸಿಯಾಗಿ ಮತ್ತೆ ಅಂಗಡಿಗೇ ಬರುತ್ತದೆ. ಮೆಷಿನ್ನಿನ ಎಣಿಸುವ ಚಕ್ರ ಕೆಟ್ಟು ಎಷ್ಟೋ ಕಾಲವಾಗಿತ್ತು, ಅಣ್ಣನಿಗೆ ಅದರ ಮೇಲೆ ನಂಬಿಕೆಯೂ ಇರಲಿಲ್ಲ. ಬಾಯಲ್ಲೇ ಎಣಿಸಬೇಕು. ಹಾಗಾಗಿ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು: ಎಣಿಸುತ್ತಿರುವವನನ್ನು ಯಾರೂ ಮಾತಾಡಿಸಬಾರದು. ಬೆಂಕಿ ಬಿದ್ದರೂ ಮೊದಲು ನೀರು ಹಾಕು, ಆಮೇಲೆ ಹೇಳು. ಮಾತು ಬೇಡವಾದಾಗಲೆಲ್ಲ ಅಣ್ಣ ಹಿಡಿಕೆ ತಿರುಗಿಸಿ "ಒಂದು, ಎರಡು" ಶುರುಮಾಡುವುದನ್ನು ಗಾಜಣ್ಣ ಬಹಳ ಹಿಂದೆಯೇ ಗಮನಿಸಿದ್ದ.

ಎರಡು ಸಲ ಅವನು ಬಿಟ್ಟುಹೋಗಲು ನೋಡಿದ. ಎರಡನೇ ವರ್ಷ ಚೀಲ ಕಟ್ಟಿ ಬಾಗಿಲಿಗೆ ಬಂದಾಗ ಅಣ್ಣ ಹೊಸ್ತಿಲ ಮೇಲೆ ಕೂತು, ತನ್ನ ಎಡಗೆನ್ನೆಯನ್ನು ಸವರಿಕೊಳ್ಳುತ್ತಾ ಅತ್ತ. ಹೊಸ್ತಿಲ ಮೇಲೆ ಅಳುತ್ತಾ ಕೂತವನನ್ನು ದಾಟಿಹೋಗುವುದು ಹೇಗೆ? ಆರನೇ ವರ್ಷ ಚೀಲ ಕಟ್ಟಿದವನು ಅಣ್ಣ ಬರುವ ಮೊದಲೇ ತಾನಾಗಿ ಬಿಚ್ಚಿಟ್ಟ. ಎಂಟನೇ ವರ್ಷದ ನಂತರ ಅವನು ಚೀಲದ ತಂಟೆಗೇ ಹೋಗಲಿಲ್ಲ. ಅಂತೂ ಹೊಂದಿಕೊಂಡ ಎಂದು ಎಲ್ಲರೂ ನಿಟ್ಟುಸಿರುಬಿಟ್ಟರು. ಅವನು ಬೆಳಗ್ಗೆ ಒಂಬತ್ತಕ್ಕೆ ಅಣ್ಣನ ಬಲಕ್ಕೆ ನಡೆದು ಅಂಗಡಿಗೆ ಹೋಗುತ್ತಿದ್ದ, ಸಂಜೆ ಏಳಕ್ಕೆ ಅಣ್ಣನ ಬಲಕ್ಕೆ ನಡೆದು ಮನೆಗೆ ಬರುತ್ತಿದ್ದ. ಅವನ ಮೇಲೆ ಯಾರೂ ಒಂದು ದಿನ ದನಿ ಎತ್ತಿದವರಲ್ಲ. ದನಿ ಎತ್ತದ ಮನೆಯಲ್ಲಿ ಉಸಿರು ಹೇಗೆ ಕಟ್ಟುತ್ತದೆ ಎಂಬುದು ಅದರೊಳಗಿದ್ದವರಿಗೇ ಗೊತ್ತು. ಜಗಳವಾಡಿ ಹೊರಬೀಳೋಣವೆಂದರೆ ಜಗಳಕ್ಕೆ ಒಂದು ಎಳೆಯೂ ಸಿಗುತ್ತಿರಲಿಲ್ಲ.

ಹತ್ತೊಂಬತ್ತನೇ ವರ್ಷ ಎರಡು ಸಂಗತಿ ಒಟ್ಟಿಗೆ ನಡೆದವು. ಹಳೆಯ ಗ್ಯಾಂಗಿನ ಮೇಸ್ತ್ರಿ ಫೋನ್ ಮಾಡಿದ. ಟವರ್ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಕಲಿಸಲೆಂದು ಅವನೀಗ ದೂರದ ಊರೊಂದರಲ್ಲಿ ತರಬೇತಿ ಅಂಗಳ ನಡೆಸುತ್ತಿದ್ದ. "ಗಂಟು ಹಾಕೋದು, ಬೆಲ್ಟು ನೋಡೋದು, ಗಾಳಿ ನೋಡೋದು, ಇದನ್ನ ಬಾಯಲ್ಲಿ ಹೇಳಿಕೊಡೋರು ನನಗೆ ಸಿಗ್ತಿಲ್ಲ. ನಿನಗೆ ಆಸೆ ಇದ್ರೆ ಹತ್ತು, ಇಲ್ದಿದ್ರೆ ಕೆಳಗೇ ನಿಂತು ಕಲಿಸು. ಮುಂದಿನ ತಿಂಗಳು ಒಂದನೇ ತಾರೀಕು ಬಾ. ಡಾಕ್ಟರ ಹತ್ರ ಒಂದು ಕಾಗದ ಮಾತ್ರ ಬರೆಸಿಕೊಂಡು ಬಾ" ಎಂದ. ಗಾಜಣ್ಣ "ನೋಡ್ತೀನಿ" ಎಂದು ಫೋನಿಟ್ಟ. ಇನ್ನೊಂದು ಸಂಗತಿ, ಕಣ್ಣಿನ ಕೆಳಗಿನ ಚರ್ಮ ಕೆಂಪಾಗಿ ಊದಿಕೊಂಡಿತು. ಒಂದು ವಾರದಲ್ಲಿ ಅಲ್ಲೊಂದು ಸಣ್ಣ ತೂತು ಬಿದ್ದು ಕೀವು ಒಸರಿತು. ಕನ್ನಡಿ ಹಿಡಿದು ಹತ್ತಿರದಿಂದ ನೋಡಿದರೆ ಒಳಗೆ ಬೂದುಬಣ್ಣದ ಒಂದು ಚುಕ್ಕೆ ಕಾಣುತ್ತಿತ್ತು. ಪ್ಲೇಟೇ ಹೊರಗೆ ಇಣುಕುತ್ತಿತ್ತು.

ಅವತ್ತೇ ಅಂಗಡಿ ಮುಚ್ಚಿ ಇಬ್ಬರೂ ಆಸ್ಪತ್ರೆಗೆ ಹೋದರು. ಮುಖದ ಮೂಳೆಗಳ ಡಾಕ್ಟರು ಹೆಂಗಸು, ಹೆಚ್ಚೆಂದರೆ ಮೂವತ್ತೈದು. ಗಾಜಣ್ಣನಿಗೆ ಪ್ಲೇಟು ಬಿಗಿದಾಗ ಅವರಿನ್ನೂ ಶಾಲೆಯಲ್ಲಿದ್ದಿರಬೇಕು. ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ, ಕೆನ್ನೆಯನ್ನು ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿ, "ಒಂದು ಸ್ಕ್ರೂ ಸಡಿಲ ಆಗಿದೆ, ಸುತ್ತ ಸೋಂಕಾಗಿದೆ. ಈ ಪ್ಲೇಟು ತೆಗೆದುಬಿಡೋಣ. ಹುಬ್ಬಿನ ಹತ್ರ ಇರೋದು ಸುಮ್ಮನಿದೆ, ಅದು ಇರಲಿ" ಎಂದರು.

"ತೆಗೆಯೋದಾ?" ಅಣ್ಣ ಎದ್ದೇ ನಿಂತ. "ತೆಗೆದ್ರೆ ಮುಖ ಕುಸಿದುಬಿಡುತ್ತಲ್ಲಾ, ಡಾಕ್ಟ್ರೇ?"

ಡಾಕ್ಟರು ನಗಲಿಲ್ಲ, ಅದು ಅವರ ದೊಡ್ಡತನ. "ಮೂಳೆ ಕೂಡೋವರೆಗೆ ಮಾತ್ರ ಪ್ಲೇಟಿಗೆ ಕೆಲಸ. ಎರಡು ತಿಂಗಳು, ಹೆಚ್ಚಂದ್ರೆ ಮೂರು. ಆಮೇಲೆ ಮೂಳೆನೇ ಮೂಳೆನ ಹಿಡ್ಕೊಂಡಿರುತ್ತೆ. ತೊಂದರೆ ಕೊಡದಿದ್ರೆ ಒಳಗೇ ಬಿಡ್ತೀವಿ, ಎಷ್ಟೋ ಜನ ಸಾಯೋವರೆಗೂ ಇಟ್ಕೊಂಡಿರ್ತಾರೆ. ಕೆಲವರಿಗೆ ಹೀಗೆ ವರ್ಷಗಳಾದ ಮೇಲೆ ಕಾಟ ಕೊಡುತ್ತೆ, ಆಗ ತೆಗೀತೀವಿ. ನಿಮ್ಮ ಕೆನ್ನೆ ಈಗ ನನ್ನ ಕೆನ್ನೆಯಷ್ಟೇ ಗಟ್ಟಿ."

ಹತ್ತೊಂಬತ್ತು ವರ್ಷದಲ್ಲಿ ಹದಿನೆಂಟು ವರ್ಷ ಒಂಬತ್ತು ತಿಂಗಳು ಆ ಪ್ಲೇಟಿಗೆ ಕೆಲಸವೇ ಇರಲಿಲ್ಲ. ಗಾಜಣ್ಣ ಮೇಜಿನ ಅಂಚನ್ನು ಹಿಡಿದುಕೊಂಡ.

"ಹಳೇ ಡಾಕ್ಟ್ರು ಹಾಗೆ ಹೇಳಿರಲಿಲ್ಲ" ಎಂದ ಅಣ್ಣ. ಅವನ ದನಿ ಬಹಳ ಸಣ್ಣದಾಗಿತ್ತು. "ಜನ್ಮ ಪೂರ್ತಿ ಹುಷಾರು ಅಂದಿದ್ರು."

"ಅಂದಿರಬಹುದು, ನಾನು ಅಲ್ಲಿರಲಿಲ್ಲ. ಆ ಹಳೇ ಫೈಲ್ ತರಿಸಿಕೊಡಿ. ನನಗೂ ಬೇಕು. ಒಂದೊಂದು ಕಂಪನಿಯ ಸ್ಕ್ರೂ ತಲೆ ಒಂದೊಂದು ಥರ, ಅದರದೇ ಸ್ಕ್ರೂಡ್ರೈವರ್ ಇಲ್ದಿದ್ರೆ ತೆಗೆಯೋದು ಕಷ್ಟ. ಯಾವುದು ಹಾಕಿದ್ದಾರೆ ಅಂತ ಫೈಲಲ್ಲಿ ಚೀಟಿ ಅಂಟಿಸಿರ್ತಾರೆ."

"ನಾನೇ ತರ್ತೀನಿ" ಎಂದ ಅಣ್ಣ, ಗಾಜಣ್ಣ ಬಾಯಿ ತೆರೆಯುವ ಮೊದಲೇ.

ಮಾರನೆಯ ದಿನ ಅಣ್ಣ ಒಬ್ಬನೇ ಹಳೆಯ ಆಸ್ಪತ್ರೆಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಬಂದ. ಚಪ್ಪಲಿ ಬಿಡುತ್ತಾ, "ಅಷ್ಟು ಹಳೇದೆಲ್ಲ ಹಾಳಾಗಿ ಹೋಗಿದೆಯಂತೆ" ಎಂದ. ಮುಖ ನೋಡಲಿಲ್ಲ. ನೇರ ಅಂಗಡಿಗೆ ಹೋಗಿ ಹಿಡಿಕೆ ತಿರುಗಿಸತೊಡಗಿದ. ಒಂದು, ಎರಡು, ಮೂರು. ಗಾಜಣ್ಣ ಎದುರಿನ ಸ್ಟೂಲಿನಲ್ಲಿ ಕೂತು ಕೇಳಿಸಿಕೊಂಡ. ಐವತ್ತನಾಲ್ಕು ಸುತ್ತಿನ ಸುರುಳಿಯದು. ಅಣ್ಣ ಅರವತ್ತು ದಾಟಿದರೂ ನಿಲ್ಲಿಸಲಿಲ್ಲ.

ಎರಡು ದಿನ ಕಳೆದು, ವಾರ್ನಿಷ್ ತರುತ್ತೇನೆಂದು ಹೇಳಿ, ಗಾಜಣ್ಣ ತಾನೇ ಹೋದ. ಎಡಗಡೆ ಯಾರೂ ಇಲ್ಲದೆ ಬಸ್ಸಿನಲ್ಲಿ ಕೂತಾಗ ಆ ಮಗ್ಗುಲಿಗೆ ಗಾಳಿ ಬಡಿಯಿತು, ಅವನಿಗದು ವಿಚಿತ್ರವೆನಿಸಿತು. ಹಳೆಯ ಆಸ್ಪತ್ರೆಯ ದಾಖಲೆ ಕೋಣೆ ನೆಲಮಾಳಿಗೆಯಲ್ಲಿತ್ತು. ಕಬ್ಬಿಣದ ಕಪಾಟುಗಳು, ದಾರ ಕಟ್ಟಿದ ಕಂತೆಗಳು, ಮೂಲೆಯಲ್ಲಿ ಗುಯ್ಗುಡುವ ಫ್ಯಾನು. ಗುಮಾಸ್ತ ಹೆಸರು ಮತ್ತು ವರ್ಷ ಕೇಳಿ, ಎದ್ದು, ಇಪ್ಪತ್ತು ನಿಮಿಷವೂ ಆಗುವ ಮೊದಲೇ ಫೈಲ್ ತಂದು ಮುಂದಿಟ್ಟ.

"ಇದಕ್ಕೇನು ಈಗ ಇಷ್ಟೊಂದು ಬೇಡಿಕೆ?" ಎಂದ ಅವನು. "ಮೊನ್ನೆಯಷ್ಟೇ ಒಬ್ಬರು ಬಂದಿದ್ರು. ಅದೇ ಬೆಂಚಿನ ಮೇಲೆ ಒಂದು ಗಂಟೆ ಕೂತು ಓದಿದ್ರು. ಕಾಪಿ ಬೇಕಾ ಅಂದೆ, ಬೇಡ ಅಂದ್ರು. ವಾಪಸ್ ಕೊಟ್ಟು ಹೋದ್ರು."

ಗಾಜಣ್ಣ ಅದೇ ಬೆಂಚಿನ ಮೇಲೆ ಕೂತ. ಕಂಪನಿಯ ಚೀಟಿ ಮೂರನೇ ಹಾಳೆಯಲ್ಲಿತ್ತು, ಹಳದಿಯಾಗಿದ್ದರೂ ಓದಲು ಬರುತ್ತಿತ್ತು. ಕೊನೆಯ ಹಾಳೆ ಮೂರನೇ ತಿಂಗಳಿನದು. ಅಲ್ಲಿ ಆಗಿನ ಡಾಕ್ಟರು ದುಂಡಗೆ ಬರೆದಿದ್ದರು: ಮೂಳೆ ಚೆನ್ನಾಗಿ ಕೂಡಿದೆ. ಪಥ್ಯ ಸಾಕು. ಊಟ, ಭಾರದ ಕೆಲಸ, ಎತ್ತರ ಹತ್ತುವುದು, ಯಾವುದಕ್ಕೂ ಅಡ್ಡಿಯಿಲ್ಲ. ರೋಗಿಯ ಅಣ್ಣನಿಗೆ ತಿಳಿಸಲಾಗಿದೆ. ಅದರ ಕೆಳಗೆ ಅಣ್ಣನ ಸಹಿ. ಅಂಗಡಿಯ ರಸೀದಿಗಳ ಮೇಲೆ ದಿನವೂ ಕಾಣುವ ಅದೇ ಸಹಿ, ಕೊನೆಯಲ್ಲಿ ಅದೇ ಬಾಲ.

ಹಿಸುಕಿದ ಅನ್ನ, ಬೇಯಿಸಿದ ಸೇಬು, ಎದ್ದುಹೋದ ಹೆಣ್ಣಿನವರು ಎಲ್ಲ ಒಟ್ಟಿಗೆ ಮೇಲೆ ಬಿದ್ದ ಹಾಗಾಯಿತು. ಅವನಿಗೆ ಅಣ್ಣನ ಮೇಲೆ ಬಂದಂಥ ಕೋಪ ಜೀವನದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಆದರೂ ಆ ಕೋಪದ ನಡುವೆ ಒಂದು ಮಾತು ಮುಳ್ಳಿನ ಹಾಗೆ ಚುಚ್ಚಿತು: ಮೊನ್ನೆ ಅಣ್ಣ ಈ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಗುಮಾಸ್ತನಿಗೆ ಗೊತ್ತೂ ಆಗುತ್ತಿರಲಿಲ್ಲ. ಹರಿಯಲಿಲ್ಲ. ಗಾಜಣ್ಣ ಎರಡೂ ಹಾಳೆಗಳ ಕಾಪಿ ತೆಗೆಸಿಕೊಂಡು, ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಮನೆಯಲ್ಲಿ ಬಾಯಿ ಬಿಡಲಿಲ್ಲ. ನೇರ ಡಾಕ್ಟರ ಹತ್ತಿರ ಹೋಗಿ ಚೀಟಿ ತೋರಿಸಿದ. ಆ ಸ್ಕ್ರೂಡ್ರೈವರ್ ತಮ್ಮಲ್ಲೇ ಇದೆ ಎಂದರು. ಸೋಂಕು ಇಳಿಯಲು ಐದು ದಿನ ಮಾತ್ರೆ, ಆರನೆಯ ದಿನ ಆಪರೇಷನ್. ಮುಖ ಕುಸಿಯುತ್ತದೆಂದು ಅಣ್ಣ ಆ ಐದು ದಿನವೂ ಅಂಗಲಾಚಿದ. ಅತ್ತಿಗೆ ಊಟ ಬಿಟ್ಟಳು. ಗಾಜಣ್ಣ ಒಪ್ಪಿಗೆ ಕಾಗದದ ಮೇಲೆ ತಾನೇ ಸಹಿ ಹಾಕಿ, ಒಳಗೆ ಹೋಗಿ ಮಲಗಿದ. ಆ ಜಾಗಕ್ಕಷ್ಟೇ ಮದ್ದು ಕೊಟ್ಟು ಮರಗಟ್ಟಿಸಿದ್ದರಿಂದ ಎಲ್ಲ ಕೇಳಿಸುತ್ತಿತ್ತು. ಸ್ಕ್ರೂ ಬಿಚ್ಚುವಾಗಿನ ಸಣ್ಣ ಕಿರುಗುಟ್ಟುವಿಕೆ ತಲೆಬುರುಡೆಯ ಒಳಗಿಂದ ಬಂತು. ಮೂರು ಸ್ಕ್ರೂ ಸುಲಭವಾಗಿ ಬಂದವು, ನಾಲ್ಕನೆಯದರ ಸುತ್ತ ಮೂಳೆ ಬೆಳೆದುಬಿಟ್ಟಿತ್ತು, ಅದಕ್ಕೆ ಸಮಯ ಹಿಡಿಯಿತು. ಹೊರಗೆ ಬಂದಾಗ ಅಣ್ಣ ಅವನ ಮುಖವನ್ನೇ ನೋಡುತ್ತಾ ನಿಂತ. ಮುಖ ಎಲ್ಲಿತ್ತೋ ಅಲ್ಲೇ ಇತ್ತು.

ಒಂದು ವಾರಕ್ಕೆ ಹೊಲಿಗೆ ಬಿಚ್ಚಿದರು. ಮೇಸ್ತ್ರಿ ಕೇಳಿದ್ದ ಕಾಗದವನ್ನು ಡಾಕ್ಟರು ಎರಡೇ ಸಾಲಿನಲ್ಲಿ ಬರೆದುಕೊಟ್ಟರು. ಒಂದನೇ ತಾರೀಕಿಗೆ ಇನ್ನು ಮೂರು ದಿನ ಬಾಕಿ. ಗಾಜಣ್ಣ ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದ. ಬೆಳಗಿನ ಹನ್ನೊಂದು ಗಂಟೆ. ಅಣ್ಣ ಅವನು ಬರುವುದನ್ನು ನೋಡಿದ್ದೇ ಹಿಡಿಕೆಗೆ ಕೈ ಹಾಕಿ ದೊಡ್ಡ ದನಿಯಲ್ಲಿ ಎಣಿಸತೊಡಗಿದ. ಕಟ್ಟಳೆಯ ಪ್ರಕಾರ ಗಾಜಣ್ಣ ಸುಮ್ಮನೆ ನಿಲ್ಲಬೇಕಿತ್ತು. ಡಾಕ್ಟರು ಬರೆದ ಕಾಗದವನ್ನು ಮೇಜಿನ ಮೇಲಿಟ್ಟು, ಹದಿನೇಳರವರೆಗೆ ನಿಂತ. ಆಮೇಲೆ ಜೇಬಿನ ಕಾಪಿ ತೆಗೆದು ಬಿಡಿಸಿ, ತಿರುಗುತ್ತಿದ್ದ ಅಚ್ಚಿನ ಮೇಲೆ, ತಂತಿಯ ಅಡಿಗೇ ತೂರಿಸಿಬಿಟ್ಟ. ಒಂದು ಸುತ್ತು ಕಾಗದದ ಮೇಲೆ ಬಿತ್ತು. ಮೆಷಿನ್ನು ನಿಂತಿತು.

ಆ ಅಂಗಡಿಯಲ್ಲಿ ಬೇಕೆಂದೇ ಎಣಿಕೆ ತಪ್ಪಿಸಿದ್ದು ಅದೇ ಮೊದಲು.

ಅಣ್ಣ ಆ ಕಾಪಿ ಓದಲಿಲ್ಲ. ಓದುವ ಅಗತ್ಯ ಇರಲಿಲ್ಲ.

"ಒಂದು ತಿಂಗಳಿಗೆ ಅಂತ ಸುಳ್ಳು ಹೇಳಿದ್ದು" ಎಂದ, ತಂತಿಯ ಕಡೆಗೇ ನೋಡುತ್ತಾ. "ಡಾಕ್ಟ್ರು 'ಹತ್ತಬಹುದು' ಅಂದ ತಕ್ಷಣ ನೀನು ಅಲ್ಲಿಂದ ಬಿದ್ದ ಹಾಗೆ ಕಂಡುಬಿಡ್ತು ನನಗೆ. ಇನ್ನೊಂದು ತಿಂಗಳು ಸುಧಾರಿಸಿಕೊಳ್ಳಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ತಿಂಗಳು ಆಯ್ತು. ಆಗ 'ಒಂದು ತಿಂಗಳು ಯಾಕೆ ಮುಚ್ಚಿಟ್ಟೆ' ಅಂತ ಕೇಳ್ತೀಯ ಅನ್ನೋ ಹೆದರಿಕೆ. ವರ್ಷ ಆಯ್ತು. ಆಮೇಲೆ ಹೇಳೋಕೆ ಯಾವ ದಿನವೂ ಸರಿ ಅನ್ನಿಸಲೇ ಇಲ್ಲ."

"ಅತ್ತಿಗೆಗೆ ಗೊತ್ತಾ?"

"ಇಲ್ಲ. ಪಾಪ, ಅವಳು ನಿಜ ಅಂತಾನೇ ಅನ್ನ ಹಿಸುಕಿದ್ದಾಳೆ." ಅಣ್ಣ ಸ್ಟೂಲಿನಿಂದ ಜಾರಿ ನೆಲಕ್ಕೆ ಕೂತ, ಹಿಂದೆ ಮಂಚದ ಪಕ್ಕ ಕೂತಿದ್ದ ಹಾಗೆಯೇ. "ಅವತ್ತು ನೀನು ಬೈದಿದ್ರೆ ಅಷ್ಟಕ್ಕೇ ಮುಗೀತಿತ್ತು. ನೀನು ಬೈಯಲೇ ಇಲ್ಲ. ನಿನ್ನ ನೋಡ್ಕೊಳ್ಳೋದು ಬಿಟ್ರೆ ನನಗೆ ಬೇರೆ ದಾರಿ ಇರಲಿಲ್ಲ. ನಿನ್ನ ಹತ್ತೊಂಬತ್ತು ವರ್ಷ ನಾನು ತಿಂದುಬಿಟ್ಟೆ. ಹೋಗು. ಒಂದನೇ ತಾರೀಕಿಗೆ ಮೇಸ್ತ್ರಿ ಕರೆದಿರೋದು ಗೊತ್ತು ನನಗೆ, ಅವತ್ತು ಫೋನಿನ ಮಾತು ನನಗೂ ಕೇಳಿಸ್ತಿತ್ತು. ಹೊಸ್ತಿಲಿಗೆ ಅಡ್ಡ ಕೂರೋದಿಲ್ಲ."

ಗಾಜಣ್ಣ ಬಯಸಿದ್ದು ಇದನ್ನೇ. ಬಾಗಿಲು ತೆರೆದಿತ್ತು. ತಪ್ಪೆಲ್ಲ ಅಣ್ಣನದು, ನೋವೆಲ್ಲ ಇವನದು, ಲೋಕದ ಯಾವ ನ್ಯಾಯಪಂಚಾಯಿತಿಗೆ ಹೋದರೂ ಇವನೇ ಗೆಲ್ಲುತ್ತಿದ್ದ. ತಲೆ ಎತ್ತಿ ಹೊರಟುಬಿಡಬಹುದಿತ್ತು. ಕಾಲು ಮಾತ್ರ ಏಳಲಿಲ್ಲ. ಯಾಕೆಂದರೆ ಒಂದು ಸಂಗತಿಯನ್ನು ಅವನು ಯಾರಿಗೂ ಹೇಳಿರಲಿಲ್ಲ. ನಾನೂ ಅವನ ಮರ್ಯಾದೆಗೆಂದು ಇಷ್ಟು ಹೊತ್ತು ಹೇಳದೆ ಬಿಟ್ಟಿದ್ದೆ.

ಎಂಟನೇ ವರ್ಷ ಅವನ ಬಲದವಡೆಯ ಹಲ್ಲೊಂದು ಹುಳುಕಾಗಿ ಕೀಳಿಸಬೇಕಾಯಿತು. ಅಣ್ಣ ಮಾತ್ರೆ ತರಲು ಹೊರಗೆ ಹೋಗಿದ್ದಾಗ, ಹಲ್ಲಿನ ಡಾಕ್ಟರಿಗೆ ಅವನು ಎಂದಿನಂತೆ ಎಚ್ಚರಿಕೆ ಕೊಟ್ಟ: ಮೆಲ್ಲಗೆ ಎಳೆಯಿರಿ, ಮುಖ ಪ್ಲೇಟಿನ ಮೇಲೆ ನಿಂತಿದೆ. ಆ ಮುದುಕ ಇಕ್ಕಳ ಒರೆಸುತ್ತಾ, "ಅಯ್ಯೋ, ಎಂಟು ವರ್ಷದ ಮೂಳೆ ಯಾವಾಗ್ಲೋ ಕೂಡಿ ಕಲ್ಲಾಗಿರುತ್ತೆ. ಪ್ಲೇಟು ಸುಮ್ಮನೆ ಕೂತಿದೆ ಅಷ್ಟೆ" ಎಂದ. ಕೇಳಬೇಕಾದ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ. ಅದಕ್ಕೆ ಒಂದು ತಿಂಗಳ ಹಿಂದೆ, ಬಸ್ಸಿನ ಕಿಟಕಿಯಿಂದ ಟವರೊಂದರ ತುದಿ ನೋಡಿ ಅವನು ಕಣ್ಣು ಮುಚ್ಚಿ ಮುಂದಿನ ಸೀಟನ್ನು ತಬ್ಬಿ ಹಿಡಿದಿದ್ದ. ಎಂಟು ವರ್ಷ ನೆಲದ ಮೇಲೆ ಕೂತು ಕೂತು ಎತ್ತರ ಅವನೊಳಗೆ ಸತ್ತುಹೋಗಿತ್ತು. ಮೂಳೆ ಗಟ್ಟಿಯಾಗಿದೆ ಎಂದಾದರೆ ಹತ್ತಬೇಕಾಗುತ್ತಿತ್ತು, ಇಲ್ಲವೇ ಹೆದರಿಕೆ ಎಂದು ಬಾಯಿಬಿಟ್ಟು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅದಕ್ಕಿಂತ ಪ್ಲೇಟು ವಾಸಿ. ಅಣ್ಣ ಮಾತ್ರೆ ತಂದ, ಅವನು ಮಾತ್ರೆ ನುಂಗಿದ, ಇಬ್ಬರೂ ಮನೆಗೆ ಬಂದು ಮೆತ್ತಗಿನ ಅನ್ನ ಉಂಡರು. ಅವತ್ತಿನಿಂದ ಅಣ್ಣ ಎಡಗಡೆ ನಡೆದಾಗಲೆಲ್ಲ ತಮ್ಮ ಅರ್ಧ ತಿಳಿದೇ ಬಲಗಡೆ ನಡೆದಿದ್ದ.

ನೆಲದ ಮೇಲೆ ಕೂತ ಅಣ್ಣನ ನೆತ್ತಿಯ ಕೂದಲು ಪೂರ್ತಿ ಬೆಳ್ಳಗಾಗಿದ್ದು ಗಾಜಣ್ಣನಿಗೆ ಆಗ ಕಂಡಿತು. ಹೇಳದೆ ಹೋದರೆ ಇವನು ಸಾಯುವವರೆಗೂ ಹೀಗೇ ಕೂತಿರುತ್ತಾನೆ ಅನ್ನಿಸಿತು. ತಾನು ಎಲ್ಲಿಗೆ ಹೋದರೂ ಈ ಅಂಗಡಿಯಿಂದ ಹೊರಬಿದ್ದ ಹಾಗಾಗುವುದಿಲ್ಲ ಎಂದೂ ಅನ್ನಿಸಿತು.

"ಹತ್ತೊಂಬತ್ತಲ್ಲ ಅಣ್ಣ" ಎಂದ. "ಎಂಟು. ಎಂಟು ವರ್ಷ ನೀನು ತಿಂದೆ. ಆಮೇಲಿನ ಹನ್ನೊಂದು ನಾನೇ ತಿಂದಿದ್ದು."

ಹಲ್ಲಿನ ಡಾಕ್ಟರ ಮಾತನ್ನೂ ಬಸ್ಸಿನ ಕಿಟಕಿಯನ್ನೂ ಒಂದೂ ಬಿಡದೆ ಹೇಳಿದ. ಅಣ್ಣ ಮೊದಮೊದಲು ಅರ್ಥವಾಗದವನ ಹಾಗೆ ಬಾಯಿ ತೆರೆದುಕೊಂಡು ಕೇಳಿದ. ಆಮೇಲೆ ಅವನ ಕಿವಿ ಕೆಂಪಾಯಿತು. ಆಮೇಲೆ ಕುತ್ತಿಗೆ. ಎದ್ದು ನಿಂತ.

"ಗೊತ್ತಿತ್ತಾ? ನಿನಗೆ ಗೊತ್ತಿತ್ತಾ?" ಅಂಗಡಿಯ ತಗಡಿನ ಮಾಡು ಅದುರುವ ಹಾಗೆ ಕೂಗಿದ. "ಹನ್ನೊಂದು ವರ್ಷ! ಹನ್ನೊಂದು ವರ್ಷ ನಾನು ಒಂದು ದಿನ ನೆಟ್ಟಗೆ ಉಣ್ಣಲಿಲ್ಲ, ನೆಟ್ಟಗೆ ಮಲಗಲಿಲ್ಲ, ನಿನ್ನ ಮುಖ ನೋಡಿದಾಗಲೆಲ್ಲ ಸಾಯ್ತಿದ್ದೆ, ನೀನು ಎಲ್ಲ ಗೊತ್ತಿದ್ದೂ ಸೀನೋವಾಗ ನನ್ನ ಕೈಲಿ ಕೆನ್ನೆ ನೋಡಿಸ್ಕೊಂಡು ಕೂತಿದ್ಯಾ? ಕತ್ತೆ! ಹೇಡಿ! ಒಂದು ಮಾತು ಹೇಳೋಕೆ ನಿನ್ನ ಗಂಟೇನು ಹೋಗ್ತಿತ್ತೋ?"

"ನಿನ್ನ ಗಂಟೇನು ಹೋಗ್ತಿತ್ತು?" ಗಾಜಣ್ಣನೂ ಕೂಗಿದ. ತನ್ನ ದನಿ ಅಷ್ಟು ದೊಡ್ಡದಿದೆಯೆಂದು ಅವನಿಗೇ ಮರೆತುಹೋಗಿತ್ತು. "ಸುಳ್ಳು ಶುರುಮಾಡಿದ್ಯಾರು? ಸಹಿ ಯಾರದ್ದು? ನನ್ನ ಮದುವೆ ಕೆಡಿಸಿದ್ಯಾರು?"

"ಕೆಡಿಸಿದೆ, ಹೌದು, ಕೆಡಿಸಿದೆ! ಈಗ ತೊಲಗು! ಮೂರು ದಿನ ಯಾಕೆ ಕಾಯ್ತೀಯ, ಇವತ್ತೇ ತೊಲಗು! ಹತ್ತು, ಬೀಳು, ಏನಾದ್ರೂ ಮಾಡ್ಕೋ!"

ಅಕ್ಕಪಕ್ಕದ ಅಂಗಡಿಯವರು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತರು. ಆ ಅಣ್ಣತಮ್ಮಂದಿರ ದನಿ ಒಂದು ದಿನವೂ ರಸ್ತೆಗೆ ಕೇಳಿಸಿದ್ದಿಲ್ಲ. ಬಿಡಿಸಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಅಣ್ಣ ಮೇಜಿನ ಮೇಲಿದ್ದ ಡಾಕ್ಟರ ಕಾಗದವನ್ನು ತೆಗೆದು, ಮಡಿಕೆ ಕೆಡದ ಹಾಗೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬೈಯುತ್ತಲೇ ತಮ್ಮನ ಜೇಬಿಗೆ ತುರುಕಿದ. ತುರುಕಿದವನು ಅಂಗಿ ಹಿಡಿದ ಕೈಯನ್ನು ಸಡಿಲಿಸಲಿಲ್ಲ. ಗಾಜಣ್ಣ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಐದನ್ನೂ ಬಿಡಿಸಲು ಬಹಳ ಹೊತ್ತು ಬೇಕಾಯಿತು. ಬಿಡಿಸಿದ ಮೇಲೆ ರಸ್ತೆಗಿಳಿದು, ಅಳುತ್ತಾ, ಬಸ್ ನಿಲ್ದಾಣದ ಕಡೆಗೆ ನಡೆದ.